ಚಾಕಲೇಟ್ ಕಲಿಯಲು ಹೊರಟಿದ್ದೀರಾ?

ರಜೆ ಬಂತೆಂದರೆ ನಮ್ಮ ಕರಾವಳಿಯ ಮನೆಗಳಿಗೆ ಚಾಕಲೇಟ್ ಬರುತ್ತದೆ. ಗಲ್ಫ್‌ನಿಂದ ಊರಿಗೆ ಬಂದವರು ಪೆಟ್ಟಿಗೆ ಬಿಚ್ಚುವಾಗ ಮಕ್ಕಳೆಲ್ಲ ಯಾಕೆ ಸುತ್ತ ಕೂರುತ್ತಾರೆಂದು ಹೇಳಬೇಕಾಗಿಲ್ಲ. ಶಿರೂರಿರಲಿ, ಗಂಗೊಳ್ಳಿಯಿರಲಿ, ಕಂಡ್ಲೂರಿರಲಿ, ನೆಂಟರ ಮನೆಗಳಿಗೆ ಹಂಚಲೆಂದು ತಂದ ಪೊಟ್ಟಣಗಳು ವಾರದೊಳಗೆ ಖಾಲಿಯಾಗುತ್ತವೆ. ಬಣ್ಣದ ಕಾಗದ ಮಾತ್ರ ಅಂಗಳದಲ್ಲಿ ಹಾರಾಡುತ್ತಿರುತ್ತದೆ.

ಈಗ ರಜೆಗೆ ಇನ್ನೊಂದು ಚಟುವಟಿಕೆಯೂ ಸೇರಿಕೊಂಡಿದೆ. ಮೆಹಂದಿ, ಹೊಲಿಗೆ, ಕೇಕ್ ತರಗತಿಗಳ ಸಾಲಿನಲ್ಲಿ ಚಾಕಲೇಟ್ ತರಗತಿಯೂ ನಿಂತಿದೆ. ಒಂದು ದಿನ ಅಥವಾ ಅರ್ಧ ದಿನ ಹೋಗಿ ಕುಳಿತರೆ ಕೈಯಾರೆ ಮಾಡಿದ ಚಾಕಲೇಟಿನ ಡಬ್ಬಿಯೊಂದಿಗೆ ಮನೆಗೆ ಮರಳಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿನ ಶಾಲೆಗಳಿಗೆ ರಜೆ, ಜುಲೈ-ಆಗಸ್ಟ್‌ನಲ್ಲಿ ಗಲ್ಫ್ ಶಾಲೆಗಳಿಗೆ ರಜೆ. ಹೀಗಾಗಿ ನಮ್ಮಲ್ಲಿ ಅನೇಕ ಕುಟುಂಬಗಳಿಗೆ ವರ್ಷದಲ್ಲಿ ಎರಡು ರಜೆಯ ಕಾಲ. ಮಕ್ಕಳನ್ನು ಕರೆದುಕೊಂಡು ತಾಯಂದಿರು, ಓದು ಮುಗಿಸಿ ಮನೆಯಲ್ಲಿರುವ ಹೆಣ್ಮಕ್ಕಳು, ಮನೆಯಲ್ಲೇ ಕುಳಿತು ಏನಾದರೂ ಸಂಪಾದಿಸಬೇಕೆಂಬ ಆಸೆಯ ಸಹೋದರಿಯರು ಇಂಥ ತರಗತಿಗಳನ್ನು ಹುಡುಕುತ್ತಿದ್ದಾರೆ.

ನೀವೂ ಹೊರಟಿದ್ದರೆ ಬಹಳ ಒಳ್ಳೆಯದು. ಆದರೆ ಹೋಗುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಚಾಕಲೇಟ್ ಕರಗಿಸಿ ಅಚ್ಚಿಗೆ ಸುರಿಯುವುದನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಕಲಿಯಬಹುದು. ಕರಗಿಸುವ ಆ ಗಟ್ಟಿಯಲ್ಲಿ ಏನಿದೆ, ಅದು ಎಲ್ಲಿಂದ ಬಂತು, ನಮ್ಮ ಮಕ್ಕಳಿಗೆ ಅದನ್ನು ಎಷ್ಟು ಕೊಡಬಹುದು, ಮಾರಿದರೆ ನಿಜವಾಗಿ ಎಷ್ಟು ಉಳಿಯುತ್ತದೆ ಎಂಬುದನ್ನು ಕಲಿತರಷ್ಟೇ ನೀವು ಕೊಟ್ಟ ಶುಲ್ಕ ಸಾರ್ಥಕ.

ಅಡಿಕೆ ಮರದ ನೆರಳಿನ ಬೆಳೆ

ಚಾಕಲೇಟ್ ಎಂದರೆ ಸ್ವಿಟ್ಜರ್ಲೆಂಡ್, ಬೆಲ್ಜಿಯಂ ಎಂದು ನಮಗೆ ನೆನಪಾಗುತ್ತದೆ. ಆ ದೇಶಗಳಲ್ಲಿ ಒಂದೇ ಒಂದು ಕೊಕ್ಕೊ ಮರವೂ ತೋಟದಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಬೇಕಾದುದು ಸೆಖೆ, ಮಳೆ ಮತ್ತು ನೆರಳು. ಈ ಮೂರೂ ನಮ್ಮಲ್ಲಿವೆ. ಘಟ್ಟದ ತಪ್ಪಲಿನ ಅಡಿಕೆ ತೋಟಗಳಿಗೆ ಹೋದರೆ ಕಾಂಡಕ್ಕೇ ಅಂಟಿಕೊಂಡು ಹಳದಿ ಕಾಯಿಗಳು ಜೋತಾಡುವುದನ್ನು ಕಾಣಬಹುದು. ಕಾಯಿ ಒಡೆದರೆ ಬಿಳಿ ತಿರುಳಿನಲ್ಲಿ ಸುತ್ತಿಕೊಂಡ 30-40 ಬೀಜಗಳು. ತೋಟದ ಮನೆಯ ಮಕ್ಕಳು ಆ ಸಿಹಿ-ಹುಳಿ ತಿರುಳನ್ನು ಚೀಪಿ ಬೀಜ ಉಗುಳುತ್ತಾರೆ. ಉಗುಳುವ ಆ ಬೀಜವೇ ಚಾಕಲೇಟಿನ ತಾಯಿಬೇರು! ಅಳಿಲು ಮತ್ತು ಮಂಗಗಳಿಗೂ ಈ ಕಾಯಿಯ ರುಚಿ ಚೆನ್ನಾಗಿ ಗೊತ್ತು.

ಕೊಕ್ಕೊ ಹುಟ್ಟಿದ್ದು ದಕ್ಷಿಣ ಅಮೆರಿಕದ ಅಮೆಝಾನ್ ಕಾಡುಗಳಲ್ಲಿ. ಮೆಕ್ಸಿಕೊದ ಹಳೆಯ ಜನ ಅದನ್ನು ಅರೆದು, ಮೆಣಸು ಬೆರೆಸಿ ಕಹಿ ಪಾನೀಯವಾಗಿ ಕುಡಿಯುತ್ತಿದ್ದರು. ಬೀಜವನ್ನು ನಾಣ್ಯದಂತೆಯೂ ಬಳಸುತ್ತಿದ್ದರು. ಅದಕ್ಕೆ ಸಕ್ಕರೆ ಬಿದ್ದದ್ದು ಯುರೋಪಿಗೆ ಹೋದ ಮೇಲೆ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಬೀಜದಿಂದ ಬೆಣ್ಣೆಯನ್ನು ಹಿಂಡಿ ತೆಗೆಯುವ ಯಂತ್ರ ಕಂಡುಹಿಡಿದರು. 1847ರಲ್ಲಿ ಇಂಗ್ಲೆಂಡಿನಲ್ಲಿ ಕಚ್ಚಿ ತಿನ್ನುವ ಚಾಕಲೇಟ್ ತಯಾರಾಯಿತು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲು ಬೆರೆಸಿದ ಚಾಕಲೇಟ್ ಮಾಡಿದರು. ಅಂದರೆ ಈಗ ನಾವು ತಿನ್ನುವ ರೂಪದ ಚಾಕಲೇಟಿಗೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ.

ನಮ್ಮ ಕಡೆ ಕೊಕ್ಕೊ ಬೆಳೆಯಾಗಿ ಹರಡಿದ್ದು 1970ರ ದಶಕದಲ್ಲಿ. ಬೀಜ ಕೊಳ್ಳುತ್ತೇವೆಂದು ಕಂಪೆನಿಯವರು ಹೇಳಿದ್ದನ್ನು ನಂಬಿ ಅಡಿಕೆ ಬೆಳೆಗಾರರು ಗಿಡ ನೆಟ್ಟರು. ಆ ದಶಕದ ಕೊನೆಯ ಹೊತ್ತಿಗೆ ಬೆಲೆ ಕುಸಿದು ಕೊಳ್ಳುವವರೇ ಇಲ್ಲದಂತಾಯಿತು. ಆಗ ಮುಂದೆ ಬಂದದ್ದು 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಗಿದ್ದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಕೊಕ್ಕೊ ಖರೀದಿ ಆರಂಭಿಸಿದ ಸಂಸ್ಥೆ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಸೇರಿ ಕಟ್ಟಿದ ಕಾರ್ಖಾನೆ ಅದು. ಕ್ಯಾಂಪ್ಕೊ ಬಾರ್, ಮೆಲ್ಟೊ ಮುಂತಾದ ಹೆಸರುಗಳು ನಮ್ಮೂರಿನ ಅಂಗಡಿಗಳಲ್ಲಿ ಹೊಸತಲ್ಲ.

ಮಗುವಿನ ಕೈಯಲ್ಲಿರುವ ತುಂಡಿನ ಹಿಂದೆ

ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿನ ತೋಟಗಳ ಕತೆ ಸಿಹಿಯಾಗಿಲ್ಲ. ಶಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧನಾ ಸಂಸ್ಥೆಯೊಂದು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಈ ಎರಡು ದೇಶಗಳಲ್ಲಿ ಸುಮಾರು 15 ಲಕ್ಷ 60 ಸಾವಿರ ಮಕ್ಕಳು ಕೊಕ್ಕೊ ತೋಟಗಳಲ್ಲಿ ಬಾಲಕಾರ್ಮಿಕರಾಗಿದ್ದರು. ಕತ್ತಿ ಹಿಡಿದು ಕಾಯಿ ಒಡೆಯುವುದು, ಭಾರದ ಮೂಟೆ ಹೊರುವುದು, ವಿಷದ ಔಷಧಿ ಸಿಂಪಡಿಸುವ ಜಾಗದಲ್ಲಿರುವುದು ಅವರ ಪಾಡು. ಅವರಲ್ಲಿ ಅನೇಕರು ತಮ್ಮ ಜೀವಮಾನದಲ್ಲಿ ಚಾಕಲೇಟಿನ ರುಚಿ ನೋಡಿರಲಾರರು.

ಇದನ್ನು ಓದಿ ಚಾಕಲೇಟ್ ತಿನ್ನುವುದನ್ನೇ ಬಿಡಬೇಕೆಂದಲ್ಲ. ಆದರೆ ಮಕ್ಕಳಿಗೆ ಇದನ್ನು ಹೇಳಿ. ತಟ್ಟೆಯಲ್ಲಿ ಬಂದದ್ದರ ಹಿಂದೆ ಯಾರ ದುಡಿಮೆಯಿದೆ ಎಂದು ತಿಳಿದ ಮಗು ಅದನ್ನು ಪೋಲು ಮಾಡುವುದಿಲ್ಲ. ಜೊತೆಗೆ ನಮ್ಮದೇ ಜಿಲ್ಲೆಗಳ ರೈತರು ಬೆಳೆದ ಕೊಕ್ಕೊದಿಂದ ಮಾಡಿದ ಚಾಕಲೇಟ್ ಸಿಗುವಾಗ ಅದನ್ನು ಕೇಳಿ ಕೊಳ್ಳುವ ಅಭ್ಯಾಸವನ್ನೂ ಮಾಡಿಕೊಳ್ಳಬಹುದು.

ತರಗತಿಗಳಲ್ಲಿ ಎರಡು ಬಗೆ

ಚಾಕಲೇಟ್ ತರಗತಿ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಿದ್ಯೆಗಳನ್ನು ಕಲಿಸುತ್ತಾರೆ. ಶುಲ್ಕ ಕೊಡುವ ಮೊದಲು ಯಾವುದೆಂದು ತಿಳಿದುಕೊಳ್ಳಿ.

ಮೊದಲನೆಯದು, ಅಂಗಡಿಯಲ್ಲಿ ಸಿಗುವ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹಾಕುವುದು. ಈ ಗಟ್ಟಿಗಳು ಸಾಮಾನ್ಯವಾಗಿ 'ಕಾಂಪೌಂಡ್'. ಅಂದರೆ ಕೊಕ್ಕೊ ಪುಡಿ, ಸಕ್ಕರೆ ಮತ್ತು ಕೊಕ್ಕೊ ಬೆಣ್ಣೆಯ ಬದಲಿಗೆ ತಾಳೆ ಬೀಜದ ಎಣ್ಣೆಯಂಥ ಬೇರೆ ಕೊಬ್ಬು. ಅಗ್ಗ, ಕೆಲಸ ಸುಲಭ, ಬೇಗ ಗಟ್ಟಿಯಾಗುತ್ತದೆ. ಮಡಿಕೇರಿ, ಊಟಿಗಳ ಪ್ರವಾಸಿ ಅಂಗಡಿಗಳಲ್ಲಿ 'ಹೋಮ್‌ಮೇಡ್' ಎಂದು ಮಾರುವ ಚಾಕಲೇಟುಗಳಲ್ಲಿ ಅನೇಕವು ಹೀಗೆ ತಯಾರಾದವು. ಮಕ್ಕಳೊಂದಿಗೆ ಅರ್ಧ ದಿನ ಖುಷಿಯಾಗಿ ಕಳೆಯಲು ಈ ಬಗೆ ಸಾಕು. ಕೊಕ್ಕೊ ಬೆಣ್ಣೆಯಿರುವ ನಿಜವಾದ ಚಾಕಲೇಟ್ ಗಟ್ಟಿಯನ್ನು ಬಳಸುವ ತರಗತಿಗಳೂ ಇವೆ. ಅಲ್ಲಿ ಕೆಲಸ ಸ್ವಲ್ಪ ನಾಜೂಕಿನದು.

ಎರಡನೆಯದು ಬೀಜದಿಂದಲೇ ಆರಂಭಿಸುವ ವಿದ್ಯೆ. ಬಲಿತ ಕಾಯಿಯಿಂದ ತೆಗೆದ ಹಸಿ ಬೀಜವನ್ನು ಪೆಟ್ಟಿಗೆಯಲ್ಲಿ ಅಥವಾ ಬಾಳೆ ಎಲೆ ಮುಚ್ಚಿದ ರಾಶಿಯಲ್ಲಿ ಐದಾರು ದಿನ ಹುಳಿ ಬರಿಸುತ್ತಾರೆ. ಚಾಕಲೇಟಿನ ಪರಿಮಳ ಹುಟ್ಟುವುದು ಇಲ್ಲೇ. ಹುಳಿ ಬಾರದ ಬೀಜವನ್ನು ಎಷ್ಟು ಹುರಿದರೂ ಆ ವಾಸನೆ ಬರುವುದಿಲ್ಲ. ಆಮೇಲೆ ಬಿಸಿಲಿನಲ್ಲಿ ಒಣಗಿಸಿ, ಹುರಿದು, ಒಡೆದು, ಸಿಪ್ಪೆಯನ್ನು ಮೊರದಲ್ಲಿ ಗೇರಿ ತೆಗೆದು, ಸಕ್ಕರೆಯೊಂದಿಗೆ ಕಲ್ಲಿನಲ್ಲಿ ಒಂದೆರಡು ದಿನ ಎಡೆಬಿಡದೆ ಅರೆಯುತ್ತಾರೆ. ಕೇರುವುದು, ಅರೆಯುವುದು ನಮ್ಮ ಅಜ್ಜಿಯಂದಿರಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ, ಅಲ್ಲವೇ?

ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕ, ಯುರೋಪಿನ ಸಣ್ಣ ಸಣ್ಣ ಚಾಕಲೇಟ್ ತಯಾರಕರು ಇಂದು ಬಳಸುವ ಅರೆಯುವ ಯಂತ್ರಗಳಲ್ಲಿ ಅನೇಕವು ನಮ್ಮ ಇಡ್ಲಿ-ದೋಸೆ ಹಿಟ್ಟಿನ ವೆಟ್ ಗ್ರೈಂಡರನ್ನು ತಿದ್ದಿ ಮಾಡಿದವು! ಹಾಗೆಂದು ಮನೆಯ ಗ್ರೈಂಡರಿಗೆ ಕೊಕ್ಕೊ ಹಾಕಿ ರಾತ್ರಿಯಿಡೀ ತಿರುಗಿಸಬೇಡಿ. ಅದರ ಮೋಟಾರು ಅಷ್ಟು ಹೊತ್ತಿನ ಕೆಲಸಕ್ಕಾಗಿ ಮಾಡಿದ್ದಲ್ಲ, ಸುಟ್ಟುಹೋದೀತು.

ಒಂದು ದಿನದ ಪಾಠದಲ್ಲಿ ಏನಿರುತ್ತದೆ?

ಕರಗಿಸುವ ತರಗತಿಯ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ಗಟ್ಟಿಯನ್ನು ಚಾಕುವಿನಿಂದ ಸಣ್ಣಗೆ ಹೆಚ್ಚಿಕೊಳ್ಳಬೇಕು. ಒಂದು ಪಾತ್ರೆಯಲ್ಲಿ ನಾಲ್ಕು ಬೆರಳು ನೀರು ಬಿಸಿ ಮಾಡಿ, ಅದರ ಮೇಲೆ ನೀರಿಗೆ ತಾಗದಂತೆ ಇನ್ನೊಂದು ಪಾತ್ರೆಯಿಟ್ಟು ಹೆಚ್ಚಿದ ಚಾಕಲೇಟ್ ಹಾಕಬೇಕು. ಉರಿ ಸಣ್ಣದಿರಲಿ, ನೀರು ಕುದಿಯುವುದು ಬೇಡ. ನೇರ ಉರಿಯ ಮೇಲಿಟ್ಟರೆ ಅಡಿ ಹಿಡಿದು ಕರಕಲು ವಾಸನೆ ಬರುತ್ತದೆ.

ಇಲ್ಲಿ ಮೊದಲ ಪಾಠ ನೀರಿನದ್ದು. ಕರಗಿದ ಚಾಕಲೇಟಿಗೆ ಒಂದೆರಡು ಹನಿ ನೀರು ಬಿದ್ದರೂ ಅದು ಒಮ್ಮೆಗೇ ಮುದ್ದೆಯಾಗಿ ಹರಳುಗಟ್ಟುತ್ತದೆ. ಪಾತ್ರೆ, ಸೌಟು, ಅಚ್ಚು, ಕೈ ಎಲ್ಲವೂ ಒಣಗಿರಬೇಕು. ಮೇಲೆ ಮುಚ್ಚಳ ಹಾಕಬಾರದು, ಹಬೆ ನೀರಾಗಿ ಒಳಗೆ ಬೀಳುತ್ತದೆ. ಮುದ್ದೆಯಾದದ್ದನ್ನು ಎಸೆಯಬೇಡಿ. ಬಿಸಿ ಹಾಲು ಸೇರಿಸಿ ಕಲಕಿದರೆ ಮಕ್ಕಳಿಗೆ ಕುಡಿಯಲು ಆಗುತ್ತದೆ.

ಎರಡನೆಯದು ಹದ ಮಾಡುವ ಪಾಠ. ಕಾಂಪೌಂಡಿಗೆ ಇದರ ಅಗತ್ಯವಿಲ್ಲ. ಕೊಕ್ಕೊ ಬೆಣ್ಣೆಯಿರುವ ಚಾಕಲೇಟಿಗೆ ಬೇಕೇ ಬೇಕು. ಕಪ್ಪು ಚಾಕಲೇಟನ್ನು 45-50 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, ಕಲಕುತ್ತಾ 27-28 ಡಿಗ್ರಿಗೆ ತಣಿಸಿ, ಮತ್ತೆ 31-32 ಡಿಗ್ರಿಗೆ ಬಿಸಿ ಮಾಡಿ ಅಚ್ಚಿಗೆ ಹಾಕುತ್ತಾರೆ. ಹಾಲಿನ ಚಾಕಲೇಟಿಗೆ ಕೊನೆಯ ಬಿಸಿ 29-30 ಡಿಗ್ರಿ ಸಾಕು. ಹೀಗೆ ಮಾಡಿದರೆ ಅದರೊಳಗಿನ ಬೆಣ್ಣೆ ಸರಿಯಾದ ರೀತಿಯಲ್ಲಿ ಹರಳುಗಟ್ಟಿ, ಚಾಕಲೇಟ್ ಹೊಳೆಯುತ್ತದೆ, ಮುರಿದಾಗ 'ಟಕ್' ಎನ್ನುತ್ತದೆ. ಹದ ತಪ್ಪಿದರೆ ಎರಡು ದಿನದಲ್ಲಿ ಮೇಲೆ ಬೂದಿ ಬಣ್ಣ ಮೂಡುತ್ತದೆ. ಅದು ಬೂಸ್ಟು ಅಲ್ಲ, ಮೇಲೆದ್ದ ಕೊಕ್ಕೊ ಬೆಣ್ಣೆ. ತಿನ್ನಲು ತೊಂದರೆಯಿಲ್ಲ, ಮಾರಲು ಆಗದು. ಈ ಅಳತೆಗೆ ಅಡುಗೆಯ ಥರ್ಮಾಮೀಟರ್ ಬೇಕು. ಕಲಿಸುವವರ ಬಳಿ ಅದಿದೆಯೇ ಎಂದು ಮೊದಲೇ ವಿಚಾರಿಸಿ.

ಮೂರನೆಯದು ಅಚ್ಚು ಮತ್ತು ಹೂರಣ. ಅಚ್ಚಿಗೆ ಅರ್ಧ ಸುರಿದು, ಮೇಜಿಗೆ ಮೆಲ್ಲನೆ ಬಡಿದು ಗಾಳಿಗುಳ್ಳೆ ತೆಗೆದು, ಹುರಿದ ಗೇರುಬೀಜ, ಬಾದಾಮಿ, ಒಣದ್ರಾಕ್ಷಿ ಇಟ್ಟು ಮೇಲೆ ಮತ್ತೆ ಸುರಿಯುತ್ತಾರೆ. ಗೇರುಬೀಜ ನಮ್ಮೂರಿನದೇ ಇರುವಾಗ ದೂರದ್ದನ್ನು ಹುಡುಕಬೇಕಾಗಿಲ್ಲ.

ಮನೆಯಲ್ಲಿ ಮೊದಲ ಪ್ರಯತ್ನಕ್ಕೆ ಖರ್ಜೂರದ ಚಾಕಲೇಟ್ ಮಾಡಿ ನೋಡಿ. ಸುಮಾರು 25 ಮೆತ್ತಗಿನ ಖರ್ಜೂರದ ಬೀಜ ತೆಗೆದು, ಒಳಗೆ ಒಂದೊಂದು ಹುರಿದ ಬಾದಾಮಿ ಇಟ್ಟು ಮುಚ್ಚಿ. 200 ಗ್ರಾಂ ಕಪ್ಪು ಚಾಕಲೇಟ್ ಕರಗಿಸಿ, ಫೋರ್ಕಿನಿಂದ ಒಂದೊಂದನ್ನೇ ಅದ್ದಿ ಬಟರ್ ಪೇಪರಿನ ಮೇಲಿಡಿ. ಆರಿದ ಮೇಲೆ ಡಬ್ಬಿಗೆ ಹಾಕಿ. ಖರ್ಜೂರದಲ್ಲೇ ಸಿಹಿಯಿರುವುದರಿಂದ ಕಪ್ಪು ಚಾಕಲೇಟ್ ಇದಕ್ಕೆ ಒಪ್ಪುತ್ತದೆ. ಈದ್ ದಿನ ನೆರೆಮನೆಗೆ ಕಳಿಸಲು ಇದಕ್ಕಿಂತ ಚಂದದ ಉಡುಗೊರೆ ಯಾವುದಿದೆ?

ನಮ್ಮ ಹವೆಯೇ ದೊಡ್ಡ ಪರೀಕ್ಷೆ

ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ. ಚಾಕಲೇಟ್ ಬಾಯಲ್ಲಿ ಕರಗಲು ಕಾರಣವೂ ಇದೇ, ನಮ್ಮ ದೇಹದ ಬಿಸಿ ಅದಕ್ಕಿಂತ ಹೆಚ್ಚು. ಆದರೆ ಮೇ ತಿಂಗಳಲ್ಲಿ ಕುಂದಾಪುರದ ಹಂಚಿನ ಮನೆಯ ಅಡುಗೆಕೋಣೆಯೂ ಅಷ್ಟೇ ಬಿಸಿಯಿರುತ್ತದೆ. ಹೀಗಾಗಿ ಮೈಸೂರಿನಲ್ಲೋ ಮಡಿಕೇರಿಯಲ್ಲೋ ಸರಿಯಾಗಿ ಬಂದದ್ದು ಊರಿಗೆ ಬಂದ ಮೇಲೆ ಕೈಕೊಡುತ್ತದೆ. ಇದರಲ್ಲಿ ನಿಮ್ಮ ಕೈಯ ತಪ್ಪಿಲ್ಲ.

ಇದಕ್ಕೆ ಉಪಾಯವಿದೆ. ಫಜ್ರ್ ನಮಾಝಿನ ನಂತರದ ತಂಪು ಹೊತ್ತಿನಲ್ಲಿ ಕೆಲಸ ಮುಗಿಸಿ. ಕಾಂಪೌಂಡಾದರೆ ಅಚ್ಚನ್ನು ಹತ್ತು-ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಸಾಕು. ಗಂಟೆಗಟ್ಟಲೆ ಇಟ್ಟು ಹೊರತೆಗೆದರೆ ನಮ್ಮ ಕಡಲ ಗಾಳಿಯ ತೇವ ಅದರ ಮೇಲೆ ಬೆವರಿನಂತೆ ಕೂರುತ್ತದೆ. ಆ ನೀರಿಗೆ ಸಕ್ಕರೆ ಕರಗಿ, ಒಣಗಿದ ಮೇಲೆ ಬಿಳಿ ಕಲೆಯಾಗಿ ಉಳಿಯುತ್ತದೆ. ಜುಲೈ-ಆಗಸ್ಟ್ ಮಳೆಯಲ್ಲಿ ಈ ಕಾಟ ಇನ್ನೂ ಹೆಚ್ಚು. ಫ್ರಿಜ್ಜಿನಲ್ಲಿ ಇಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿಡಿ. ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ. ಮೀನು, ಮಾಂಸ, ಬೆಳ್ಳುಳ್ಳಿಯ ಬಳಿ ಇಡಬೇಡಿ. ಚಾಕಲೇಟ್ ಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಲೇಬಲ್ ಓದುವ ಅಭ್ಯಾಸ

ತರಗತಿಯಲ್ಲಿ ಕರಗಿಸುವ ಗಟ್ಟಿಯ ಹೊದಿಕೆಯನ್ನು ಕೇಳಿ ಪಡೆದು ಓದಿ. ಇದು ಯಾವ ಪಾಕವಿಧಾನಕ್ಕಿಂತಲೂ ಮುಖ್ಯವಾದ ಪಾಠ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವುದು ಪ್ರಮಾಣದಲ್ಲಿ ಹೆಚ್ಚಿರುವುದು. ಎಷ್ಟೋ ಗಟ್ಟಿಗಳಲ್ಲಿ ಮೊದಲ ಹೆಸರು ಸಕ್ಕರೆ! ಕೊಕ್ಕೊ ಬೆಣ್ಣೆ ಇದೆಯೇ ಅಥವಾ 'ಹೈಡ್ರೋಜನೀಕರಿಸಿದ ಸಸ್ಯ ಕೊಬ್ಬು' ಇದೆಯೇ ನೋಡಿ. ಇಂಥ ಕೊಬ್ಬಿನಲ್ಲಿ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬಿನ ಅಂಶ ಶೇಕಡಾ 2ನ್ನು ಮೀರಬಾರದೆಂದು 2022ರ ಜನವರಿಯಿಂದ ನಮ್ಮ ದೇಶದಲ್ಲಿ ನಿಯಮವಿದೆ. ಹೆಸರಿಲ್ಲದ, ಲೇಬಲ್ ಇಲ್ಲದ, ಬಿಡಿಯಾಗಿ ತೂಗಿ ಕೊಡುವ ಗಟ್ಟಿಗೆ ಈ ಭರವಸೆಯಿಲ್ಲ.

ಹಲಾಲ್‌ನ ವಿಷಯಕ್ಕೆ ಬಂದರೆ, ಪೊಟ್ಟಣದ ಮೇಲಿನ ಹಸಿರು ಗುರುತು ಅರ್ಧ ಉತ್ತರವನ್ನು ಮಾತ್ರ ಕೊಡುತ್ತದೆ. ಪ್ರಾಣಿಜನ್ಯ ಕೊಬ್ಬು, ಜೆಲಟಿನ್ ಅದರಲ್ಲಿಲ್ಲ ಎಂದು ಅದರಿಂದ ತಿಳಿಯುತ್ತದೆ. ಆದ್ದರಿಂದ ಹಸಿರು ಗುರುತಿರುವ ನಮ್ಮ ದೇಶದ ಪೊಟ್ಟಣದಲ್ಲಿ 322, 471, 476 ಎಂಬ ಸಂಖ್ಯೆಗಳನ್ನು ಕಂಡು ಗಾಬರಿಯಾಗಬೇಕಾಗಿಲ್ಲ, ಅವು ಸಸ್ಯಮೂಲದವು. ಆದರೆ ಮದ್ಯದ ಬಗ್ಗೆ ಹಸಿರು ಗುರುತು ಏನನ್ನೂ ಹೇಳುವುದಿಲ್ಲ. ಗಿರಿಧಾಮಗಳ ಅಂಗಡಿಗಳಲ್ಲಿ 'ರಮ್ ಆ್ಯಂಡ್ ರೈಸಿನ್' ಎಂಬ ಬಗೆ ಸಾಮಾನ್ಯ. ಕೆಲವರು ಬರಿಯ ಸುವಾಸನೆ ಹಾಕುತ್ತಾರೆ, ಕೆಲವರು ದ್ರಾಕ್ಷಿಯನ್ನು ಮದ್ಯದಲ್ಲೇ ನೆನೆಸುತ್ತಾರೆ. ತರಗತಿಯಲ್ಲಿ ಬಳಸುವ ಎಸೆನ್ಸ್ ಯಾವುದೆಂದು ಸಂಕೋಚವಿಲ್ಲದೆ ಕೇಳಿ. ಒಣದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಸಿ, ತೇವ ಪೂರ್ತಿ ಒಣಗಿಸಿ ಬಳಸಿದರೆ ರುಚಿಗೇನೂ ಕಡಿಮೆಯಾಗುವುದಿಲ್ಲ.

ವಿದೇಶದಿಂದ ಬಂದ ಪೊಟ್ಟಣಗಳಲ್ಲಿ ನಮ್ಮ ಹಸಿರು ಗುರುತು ಇರುವುದಿಲ್ಲ. ಅಲ್ಲಿ 471ರ ಮೂಲ ಪ್ರಾಣಿಯ ಕೊಬ್ಬೂ ಆಗಿರಬಹುದು. 120 ಎಂಬುದು ಒಂದು ಬಗೆಯ ಕೀಟದಿಂದ ತೆಗೆದ ಕೆಂಪು ಬಣ್ಣ. ಮಾರ್ಷ್‌ಮೆಲ್ಲೊ ತುಂಬಿದ ಚಾಕಲೇಟಿನಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಹಲಾಲ್ ಮುದ್ರೆ ನೋಡಿಕೊಳ್ಳಿ. ಸಂಶಯ ಉಳಿದರೆ ಬಲ್ಲ ಉಲಮಾಗಳನ್ನು ವಿಚಾರಿಸಿ.

ಸಕ್ಕರೆಯ ಲೆಕ್ಕವೂ ಇರಲಿ. ಹಾಲಿನ ಚಾಕಲೇಟಿನಲ್ಲಿ ಸುಮಾರು ಅರ್ಧದಷ್ಟು ಸಕ್ಕರೆಯೇ. ಬಿಳಿ ಚಾಕಲೇಟಿನಲ್ಲಿ ಕೊಕ್ಕೊ ಪುಡಿ ಇರುವುದೇ ಇಲ್ಲ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ದೊಡ್ಡವರಿಗೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 50 ಗ್ರಾಂ ಹಾಲಿನ ಚಾಕಲೇಟ್ ತಿಂದರೆ ಅಲ್ಲಿಗೆ ಆ ದಿನದ ಪಾಲು ಮುಗಿಯಿತು. ಚಹಾ, ಬಿಸ್ಕತ್ತು, ಶರಬತ್ತು ಇನ್ನೂ ಬಾಕಿ! ಸಕ್ಕರೆ ಕಾಯಿಲೆಯಿರುವ ಅತ್ತೆ-ಮಾವಂದಿರ ಮುಂದೆ ತಟ್ಟೆ ಇಡುವಾಗ ಇದು ನೆನಪಿರಲಿ.

ಎಲ್ಲಿಗೆ ಹೋಗಬಹುದು?

ರಜೆಯ ಪ್ರವಾಸವನ್ನೂ ಕಲಿಕೆಯನ್ನೂ ಸೇರಿಸಬೇಕೆಂದಿದ್ದರೆ ದೂರ ಹೋಗಬೇಕಾಗಿಲ್ಲ. ಒಂದು ದಿನ ಕೊಕ್ಕೊ ಇರುವ ತೋಟಕ್ಕೆ ಮಕ್ಕಳನ್ನು ಕರೆದೊಯ್ದು ಮರ, ಕಾಯಿ, ಬೀಜ ತೋರಿಸಿ. ಪರಿಚಯದ ತೋಟದವರು ನಾಲ್ಕು ಕಾಯಿ ಕೊಡದೆ ಕಳುಹಿಸಲಾರರು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಅಡಿಕೆಯೊಂದಿಗೆ ಕೊಕ್ಕೊದ ಸಂಶೋಧನೆಯೂ ಅಲ್ಲಿ ನಡೆಯುತ್ತದೆ. ಅಲ್ಲಿಗಾಗಲಿ, ಪುತ್ತೂರಿನ ಕಾರ್ಖಾನೆಗಾಗಲಿ ಹೋಗುವುದಿದ್ದರೆ ಭೇಟಿಗೆ ಅವಕಾಶವಿದೆಯೇ ಎಂದು ಮುಂಚಿತವಾಗಿ ಕೇಳಿಕೊಂಡೇ ಹೊರಡಿ.

ಸ್ವಂತ ಉದ್ಯೋಗದ ಯೋಚನೆಯಿದ್ದವರು ಬ್ರಹ್ಮಾವರವನ್ನು ಮರೆಯಬಾರದು. ಅಲ್ಲಿ ರುಡ್‌ಸೆಟ್ ಸಂಸ್ಥೆಯ ತರಬೇತಿ ಕೇಂದ್ರವಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಸಂಸ್ಥೆ ನಿರುದ್ಯೋಗಿ ಯುವಕ-ಯುವತಿಯರಿಗೆ ಉಚಿತವಾಗಿ ತರಬೇತಿ ಕೊಡುತ್ತಾ ಬಂದಿದೆ. ದೇಶದಾದ್ಯಂತ ಬ್ಯಾಂಕುಗಳು ತೆರೆದ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಕೇಂದ್ರಗಳಿಗೆ ಇದೇ ಮಾದರಿ. ಬ್ರಹ್ಮಾವರದಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಯಾವ ತಿಂಗಳು ಯಾವ ತರಬೇತಿ ಎಂದು ಎರಡೂ ಕಡೆ ವಿಚಾರಿಸಿ. ಚಾಕಲೇಟಿನ ತರಬೇತಿಯೇ ಸಿಗದಿದ್ದರೂ ಆಹಾರ ಪದಾರ್ಥ ಕೆಡದಂತೆ ಇಡುವುದು, ಪ್ಯಾಕಿಂಗ್, ಲೆಕ್ಕ ಬರೆಯುವುದು, ಬ್ಯಾಂಕಿನ ವ್ಯವಹಾರ ಇವನ್ನು ಕಲಿತರೆ ಯಾವ ತಿಂಡಿಯ ವ್ಯಾಪಾರಕ್ಕೂ ಉಪಯೋಗವಾಗುತ್ತದೆ.

ಖಾಸಗಿ ತರಗತಿಯಾದರೆ ಹಣ ಕಟ್ಟುವ ಮೊದಲು ಈ ಪ್ರಶ್ನೆಗಳನ್ನು ಕೇಳಿ:

ಬಳಸುವುದು ಕಾಂಪೌಂಡೋ, ನಿಜವಾದ ಚಾಕಲೇಟೋ?

ನಾವೇ ಕೈಯಾರೆ ಮಾಡುವುದೋ, ಅಥವಾ ಅವರು ಮಾಡುವುದನ್ನು ನೋಡುವುದು ಮಾತ್ರವೋ?

ಸಾಮಗ್ರಿಯ ಖರ್ಚು ಶುಲ್ಕದಲ್ಲಿ ಸೇರಿದೆಯೇ? ಮಾಡಿದ ಚಾಕಲೇಟ್ ಮನೆಗೆ ಕೊಂಡೊಯ್ಯಬಹುದೇ?

ಒಂದು ಬ್ಯಾಚಿನಲ್ಲಿ ಎಷ್ಟು ಮಂದಿ? ಮಹಿಳೆಯರಿಗೆ ಪ್ರತ್ಯೇಕ ಬ್ಯಾಚ್ ಇದೆಯೇ? ನಡುವೆ ನಮಾಝಿಗೆ ಬಿಡುವು, ಜಾಗ ಸಿಗುವುದೇ?

ತರಗತಿಯ ಫೋಟೋ, ವೀಡಿಯೋ ತೆಗೆದು ಎಲ್ಲೆಡೆ ಹಂಚುತ್ತಾರೆಯೇ? ಬೇಡವೆಂದರೆ ಒಪ್ಪುವರೇ?

ಅಚ್ಚು, ಯಂತ್ರ, ಸಾಮಗ್ರಿಗಳನ್ನು ಅವರಿಂದಲೇ ಕೊಳ್ಳಬೇಕೆಂಬ ಒತ್ತಾಯವಿದೆಯೇ?

ಕೊನೆಯ ಪ್ರಶ್ನೆಗೆ ಹೌದು ಎಂದಾದರೆ ಎರಡು ಸಲ ಯೋಚಿಸಿ. 'ತಿಂಗಳಿಗೆ ಇಷ್ಟು ಸಾವಿರ ಖಂಡಿತ' ಎಂದು ಆಸೆ ಹುಟ್ಟಿಸುವವರ ಬಳಿ ಇನ್ನೂ ಎಚ್ಚರ ಬೇಕು.

ಮಾರುವ ಮನಸ್ಸಿದ್ದರೆ

ಕಲಿತ ಮೇಲೆ ನೆಂಟರು 'ಎಷ್ಟು ಚೆನ್ನಾಗಿದೆ, ಮಾರಾಟಕ್ಕೆ ಮಾಡಬಾರದೇ?' ಎನ್ನುವುದು ಸಹಜ. ಮದುವೆ, ಅಕೀಕ, ಈದ್ ಸಮಯದಲ್ಲಿ ಬೇಡಿಕೆಯೂ ಇರುತ್ತದೆ. ಆದರೆ ಹೊಗಳಿಕೆಯನ್ನು ನಂಬಿ ಬೆಲೆ ಇಡಬೇಡಿ, ಲೆಕ್ಕ ಮಾಡಿ ಇಡಿ.

ಅರ್ಧ ಕಿಲೋ ಗಟ್ಟಿಯಿಂದ ಹತ್ತು ಗ್ರಾಂನ 50 ತುಂಡು ಬರಬೇಕು. ಪಾತ್ರೆಗೆ ಅಂಟಿದ್ದು, ಮುರಿದದ್ದು, ಮನೆಯ ಮಕ್ಕಳ ಬಾಯಿಗೆ ಹೋದದ್ದು ಕಳೆದರೆ ಕೈಗೆ ಸಿಗುವುದು 45. ಗಟ್ಟಿಯ ಬೆಲೆ, ಗೇರುಬೀಜ-ಬಾದಾಮಿ, ಹೊಳೆವ ಕಾಗದ, ಡಬ್ಬಿ, ಗ್ಯಾಸ್, ವಿದ್ಯುತ್, ತಲುಪಿಸುವ ಖರ್ಚು ಎಲ್ಲ ಕೂಡಿಸಿ. ಬಳಿಕ ನಿಮ್ಮ ಗಂಟೆಗಳನ್ನೂ ಕೂಡಿಸಿ. ಇದನ್ನೇ ನಾವು ಮರೆಯುವುದು. ಮನೆಯ ಹೆಂಗಸಿನ ದುಡಿಮೆಗೆ ಬೆಲೆಯಿಲ್ಲವೆಂದು ನಾವೇ ಲೆಕ್ಕ ಹಾಕಿದರೆ ಗಿರಾಕಿ ಬೇರೆ ರೀತಿ ಲೆಕ್ಕ ಹಾಕುವನೇ? ಒಟ್ಟು ಖರ್ಚನ್ನು 45ರಿಂದ ಭಾಗಿಸಿದಾಗ ಬಂದದ್ದು ಒಂದು ತುಂಡಿನ ನಿಜವಾದ ಖರ್ಚು. ಅದಕ್ಕಿಂತ ಕಡಿಮೆಗೆ ಮಾರಿದರೆ ಅದು ವ್ಯಾಪಾರವಲ್ಲ, ದಾನ.

ಕಚ್ಚಾವಸ್ತುವಿನ ಬೆಲೆಯೂ ಒಂದೇ ರೀತಿ ಇರುವುದಿಲ್ಲ. ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟ ಕಾರಣ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಟನ್ನಿಗೆ ಸುಮಾರು 2,500 ಡಾಲರ್ ಇದ್ದ ಕೊಕ್ಕೊ 2024ರ ಮಾರ್ಚ್‌ನಲ್ಲಿ 10,000 ಡಾಲರ್ ದಾಟಿತು, ಡಿಸೆಂಬರಿನಲ್ಲಿ 12,000 ಮೀರಿತು. ಆಮೇಲೆ ಇಳಿಯಿತು. ಆ ವರ್ಷ ನಮ್ಮ ಬೆಳೆಗಾರರ ಮುಖ ಅರಳಿತು, ಚಾಕಲೇಟ್ ಮಾಡುವವರ ಕೈ ಸುಟ್ಟಿತು. ಆದ್ದರಿಂದ ಆರು ತಿಂಗಳ ನಂತರದ ಮದುವೆಗೆ ಈಗಲೇ ಬೆಲೆ ಹೇಳಿ ಮುಂಗಡ ಪಡೆಯುವಾಗ ಜಾಗ್ರತೆ.

ಮನೆಯಿಂದ ಸಣ್ಣ ಪ್ರಮಾಣದಲ್ಲಿ ಮಾರುವವರೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯಲ್ಲಿ ನೋಂದಣಿ ಮಾಡಿಸಬೇಕೆಂಬುದು 2006ರ ಆಹಾರ ಸುರಕ್ಷತೆ ಕಾಯಿದೆಯ ನಿಯಮ. ನೋಂದಣಿಯಾದರೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಡಬ್ಬಿಯ ಮೇಲೆ ಆ ಸಂಖ್ಯೆ, ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ತಿನ್ನಬೇಕು ಎಂಬುದನ್ನು ಬರೆಯಿರಿ. ನೆಲಗಡಲೆ, ಗೇರುಬೀಜ, ಹಾಲು ಕೆಲವರಿಗೆ ಒಗ್ಗುವುದಿಲ್ಲ. ಅದು ಇದ್ದರೆ ಕಾಣುವಂತೆ ತಿಳಿಸಿ. ಕಾಂಪೌಂಡಿನಿಂದ ಮಾಡಿದ್ದನ್ನು 'ಶುದ್ಧ ಚಾಕಲೇಟ್' ಎಂದು ಹೇಳಬೇಡಿ. ತೂಕದಲ್ಲಾಗಲಿ ಮಾತಿನಲ್ಲಾಗಲಿ ಗಿರಾಕಿಗೆ ಮೋಸವಾಗಬಾರದು ಎಂಬುದು ವ್ಯಾಪಾರದ ಬಗ್ಗೆ ನಮಗೆ ಕಲಿಸಿದ ಮೊದಲ ಪಾಠವಲ್ಲವೇ?

ಇನ್ನೊಂದು ಮಾತು. ಬಂದ ಹಣವನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ, ನಿಮ್ಮ ಹೆಸರಿನ ಖಾತೆಗೆ ಹಾಕಿ. ಹೆಣ್ಣು ದುಡಿದದ್ದು ಅವಳದೇ ಎಂದು ಇಸ್ಲಾಮ್ ಸ್ಪಷ್ಟವಾಗಿ ಹೇಳಿದೆ. ಖದೀಜಾ ಬೀವಿ(ರ)ಯವರ ವ್ಯಾಪಾರವನ್ನು ಹೆಮ್ಮೆಯಿಂದ ನೆನೆಯುವ ನಾವು ನಮ್ಮದೇ ಮನೆಯ ಹೆಂಗಸು ಮಾಡಿದ ಲಾಭ ಎಷ್ಟೆಂದು ಅವಳಿಗೇ ತಿಳಿಯದಂತೆ ಮಾಡಬಾರದು. ಅದರಿಂದ ಮನೆಗೆ ಖರ್ಚು ಮಾಡಿದರೆ ಅದು ಅವಳ ಔದಾರ್ಯ.

ಕೊನೆಯದಾಗಿ

ಎಲ್ಲರೂ ಮಾರಲೇಬೇಕೆಂದಿಲ್ಲ. ರಜೆಯ ಒಂದು ಮುಂಜಾನೆ ತಾಯಿ, ಮಗಳು, ಅತ್ತೆ, ಸೊಸೆ ಒಂದೇ ಮೇಜಿನ ಸುತ್ತ ನಿಂತು ಖರ್ಜೂರ ಅದ್ದುತ್ತಾ ಮಾತಾಡಿದರೆ ಅದೂ ಲಾಭವೇ. ಮೊಬೈಲು ಕೆಳಗಿಟ್ಟು ಎರಡು ಗಂಟೆ ಕೈಕೆಲಸದಲ್ಲಿ ಮುಳುಗಿದ ಮಗು ಕಾಯುವುದನ್ನು ಕಲಿಯುತ್ತದೆ. ಅಚ್ಚು ಆರುವ ಮೊದಲು ತೆಗೆದರೆ ಮುರಿಯುತ್ತದೆ ಎಂಬುದನ್ನು ನಾವು ಹೇಳಬೇಕಾಗಿಲ್ಲ, ಚಾಕಲೇಟೇ ಹೇಳುತ್ತದೆ.

ಮುಂದಿನ ಸಲ ಅಂಗಡಿಯಲ್ಲಿ ಮಗು ಹೊಳೆಯುವ ಪೊಟ್ಟಣಕ್ಕೆ ಕೈ ಚಾಚಿದಾಗ, ಅದನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಇಬ್ಬರೂ ಸೇರಿ ಓದಿ. ಆಗ ಬೇಡವೆನಿಸಿದರೆ ಅಲ್ಲೇ ಇಟ್ಟು ಬನ್ನಿ. ಬೇಕೆನಿಸಿದರೆ ಕೊಂಡು, ಹಂಚಿ ತಿನ್ನಿ.